ಮನಿಲಾಕ್ಕೆ ಬರುತ್ತಿರುವ ತಮ್ಮನಿಗೆ: ಇಲ್ಲಿನ ಅಧ್ಯಕ್ಷರು ಹೋದ ಮೇಲೆ ಉಳಿದದ್ದು

ನಿಮ್ಮ ಪತ್ರ ಓದಿದೆ. ಫಿಲಿಪ್ಪೀನ್ಸ್ ರಾಜಧಾನಿ ಮನಿಲಾಕ್ಕೆ ಅಂಟಿಕೊಂಡ ಮಕಾತಿಯ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ, ಮೊದಲು ಒಬ್ಬರೇ ಬಂದು ಆಮೇಲೆ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆಸಿಕೊಳ್ಳಬೇಕು ಅಂತ ಬರೆದಿದ್ದೀರಿ. ಬೇಳೆಕಾಳು ಎಲ್ಲಿ ಸಿಗುತ್ತದೆ, ಸಿಮ್ ಯಾವುದು ತಗೊಳ್ಳಬೇಕು, ಇದನ್ನೆಲ್ಲ ಇಲ್ಲಿರುವ ನಮ್ಮವರು ಯಾರಾದರೂ ಹೇಳುತ್ತಾರೆ. ಕೂತು ಬರೆಯಬೇಕು ಅಂತ ನನಗೆ ಅನ್ನಿಸಿದ್ದು ನಿಮ್ಮ ಕೊನೆಯ ಪ್ರಶ್ನೆ ಓದಿದಾಗ. ಹೊಸ ಟೀಮಿನವರ ಜೊತೆ ವಿಡಿಯೊ ಕಾಲ್‌ನಲ್ಲಿದ್ದಾಗ ಮಾರ್ಕೋಸ್, ಡುಟರ್ಟೆ ಅಂತ ಹೆಸರು ಬಂದದ್ದೇ ತಡ, ಇಬ್ಬರ ನಡುವೆ ಮಾತು ಬೆಳೆಯಿತಂತೆ. ಒಬ್ಬರು "ಒಂದು ಕಾಲದಲ್ಲಿ ಏಷ್ಯಾದಲ್ಲಿ ಜಪಾನ್ ಬಿಟ್ಟರೆ ನಾವೇ" ಅಂದರಂತೆ. "ಅಕ್ಕ, ಇದು ನಿಜವಾ? ನಿಜವಾದರೆ ಈಗ ಯಾಕೆ ಹೀಗೆ? ಇಂಥ ದೇಶಕ್ಕೆ ಗಟ್ಟಿ ನಾಯಕ ಒಬ್ಬ ಬೇಕು ಅಲ್ವಾ? ಸಂಸಾರ ಕರೆದುಕೊಂಡು ಬರುವಷ್ಟು ನಂಬಬಹುದಾ?" ಅಂತ ಕೇಳಿದ್ದೀರಿ.

ನಾನು ಬಂದಾಗ ಗ್ಲೋರಿಯಾ ಅರೋಯೊ ಅಧ್ಯಕ್ಷೆ. ಆಮೇಲೆ ಬೆನಿಗ್ನೊ ಅಕಿನೊ ಬಂದರು, ಡುಟರ್ಟೆ ಬಂದರು, ಈಗ 1986ರವರೆಗೆ ಆಳಿದ ಸರ್ವಾಧಿಕಾರಿ ಹಿರಿಯ ಮಾರ್ಕೋಸ್ ಅವರ ಮಗ ಇದ್ದಾರೆ. ಪ್ರತಿ ಸಲವೂ ನನ್ನ ಜೊತೆ ಕೆಲಸ ಮಾಡುವವರು "ಈ ಸಲ ದೇಶ ಬದಲಾಗುತ್ತದೆ" ಅಂತ ಆಸೆ ಇಟ್ಟುಕೊಂಡಿದ್ದನ್ನು ನೋಡಿದ್ದೇನೆ. ಅವರ ಆಸೆಯ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಇಷ್ಟು ಕಾಲ ಇಲ್ಲಿ ಬಾಳಿ ನನಗೆ ಅರ್ಥವಾದದ್ದು ಇದು: ಅಧ್ಯಕ್ಷರ ಅರಮನೆಯಲ್ಲಿ ಯಾರು ಕೂತಿದ್ದಾರೆ ಅನ್ನುವುದಕ್ಕಿಂತ, ಅವರು ಎದ್ದು ಹೋದ ಮೇಲೆ ಏನು ಉಳಿಯಿತು ಅನ್ನುವುದು ಜನರ ಬದುಕನ್ನು ಜಾಸ್ತಿ ತೀರ್ಮಾನ ಮಾಡುತ್ತದೆ. 1987ರ ಸಂವಿಧಾನ ಬಂದ ಮೇಲೆ ಇಲ್ಲಿ ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ. ಮತ್ತೆ ನಿಲ್ಲುವಂತಿಲ್ಲ. ಉಪಾಧ್ಯಕ್ಷರನ್ನು ಜನ ಬೇರೆಯಾಗಿ ಆರಿಸುತ್ತಾರೆ, ಹಾಗಾಗಿ ಅವರು ಅಧ್ಯಕ್ಷರ ಎದುರಾಳಿಯೇ ಆಗಿರಬಹುದು. ಆರು ವರ್ಷಕ್ಕೊಮ್ಮೆ ಹೊಸಬರು ಬಂದು ಹಿಂದಿನವರ ಬೋರ್ಡು ಕಿತ್ತು ತಮ್ಮ ಬೋರ್ಡು ಹಾಕುತ್ತಾರೆ. ಅದರ ನಡುವೆಯೂ ಕೆಲವು ಕೆಲಸಗಳು ಗಟ್ಟಿಯಾಗಿ ನಿಂತಿವೆ.

ನಿಮ್ಮ ಸಂಬಳವನ್ನೇ ತಗೊಳ್ಳಿ. ಆಫರ್ ಲೆಟರ್‌ನಲ್ಲಿ ಹದಿಮೂರನೇ ತಿಂಗಳ ಸಂಬಳ ಅಂತ ಒಂದು ಸಾಲು ಇರುತ್ತದೆ. ಅದನ್ನು ಕಂಪನಿಯವರು ಖುಷಿಯಿಂದ ಕೊಡುವ ಬೋನಸ್ ಅಂದುಕೊಳ್ಳಬೇಡಿ, ಅದು ಇಲ್ಲಿನ ಕಾನೂನು. 1975ರ ಡಿಸೆಂಬರ್‌ನಲ್ಲಿ ಹಿರಿಯ ಮಾರ್ಕೋಸ್ ಹೊರಡಿಸಿದ ಆದೇಶ. ಆಗ ತಿಂಗಳಿಗೆ 1,000 ಪೆಸೊ ಒಳಗೆ ಸಂಬಳ ಇದ್ದವರಿಗೆ ಮಾತ್ರ ಸಿಗುತ್ತಿತ್ತು. ಮಾರ್ಕೋಸ್ ಓಡಿಹೋದ ಮೇಲೆ ಅಧಿಕಾರಕ್ಕೆ ಬಂದ ಕೊರಜಾನ್ ಅಕಿನೊ 1986ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿದರು. ಮ್ಯಾನೇಜರ್ ಮಟ್ಟದವರನ್ನು ಬಿಟ್ಟು ಎಲ್ಲ ನೌಕರರಿಗೂ ಡಿಸೆಂಬರ್ 24ರೊಳಗೆ ಕೈಗೆ ಬರಬೇಕು. ಗಂಡನ ಕೊಲೆಗೆ ಮಾರ್ಕೋಸ್ ಆಡಳಿತವೇ ಕಾರಣ ಅಂತ ನಂಬಿದ್ದ ಹೆಂಗಸು ಆಕೆ. ಆದರೂ ಆತ ಮಾಡಿದ ಒಳ್ಳೆಯ ನಿಯಮವನ್ನು ಕಿತ್ತು ಹಾಕದೆ ಇನ್ನೂ ದೊಡ್ಡದು ಮಾಡಿದರು. ಡಿಸೆಂಬರ್‌ನಲ್ಲಿ ಆ ದುಡ್ಡು ಬಂದಾಗ ಇದು ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಇನ್ನೊಬ್ಬ ಅಧ್ಯಕ್ಷರ ಹೆಸರು ನೀವು ಊರಲ್ಲೇ ಕೇಳಿದ್ದೀರಿ. ಶಿವಮೊಗ್ಗ ಕಡೆಯವರು ಅಂದಿರಿ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಮನೆಯ ಹಿರಿಯರಿಗೆ ನೆನಪಿರುತ್ತದೆ. ಸೋಲಾರ್ ದೀಪದ ಸೆಲ್ಕೊ ಕಂಪನಿಯ ಹರೀಶ್ ಹಂದೆಯವರಿಗೆ 2011ರಲ್ಲಿ, ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರಿಗೆ 2016ರಲ್ಲಿ ಬಂತು. ಆ ಪ್ರಶಸ್ತಿ ಇರುವುದು ರಾಮೋನ್ ಮ್ಯಾಗ್ಸೆಸೆ ಹೆಸರಿನಲ್ಲಿ. ಮೊದಲೆಲ್ಲ ಅದನ್ನು ಕೊಡುತ್ತಿದ್ದದ್ದು ಆಗಸ್ಟ್ 31ಕ್ಕೆ, ಅದು ಅವರ ಹುಟ್ಟಿದ ದಿನ. ಬಸ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಯುದ್ಧದಲ್ಲಿ ಜಪಾನಿಯರ ವಿರುದ್ಧ ಕಾಡಿನಲ್ಲಿದ್ದು ಹೋರಾಡಿದವರು, 1953ರ ಕೊನೆಗೆ ಅಧ್ಯಕ್ಷರಾದರು. ಮಲಕಾನ್ಯಾಂಗ್ ಅರಮನೆಯ ಬಾಗಿಲನ್ನು ಸಾಮಾನ್ಯ ಜನರಿಗೆ ತೆರೆದರು. ಸರ್ಕಾರಿ ಕಚೇರಿಯಲ್ಲಿ ಕೆಲಸ ಆಗದಿದ್ದರೆ ಹಳ್ಳಿಯ ರೈತ ಚಿಲ್ಲರೆ ದುಡ್ಡಿನಲ್ಲಿ ಟೆಲಿಗ್ರಾಂ ಕಳಿಸಿ ನೇರವಾಗಿ ಅಧ್ಯಕ್ಷರ ದೂರು ಸಮಿತಿಗೆ ಹೇಳಬಹುದಿತ್ತು. ಕಾಡಿನಲ್ಲಿ ಬಂದೂಕು ಹಿಡಿದಿದ್ದ, ಹುಕ್ ಅನ್ನುವ ರೈತ ಬಂಡಾಯಗಾರರಿಗೆ ಶರಣಾದರೆ ಜಮೀನು ಕೊಡುವ ಯೋಜನೆಯನ್ನು ಅವರು ರಕ್ಷಣಾ ಮಂತ್ರಿಯಾಗಿದ್ದಾಗಲೇ ಶುರು ಮಾಡಿದ್ದರು.

1957ರ ಮಾರ್ಚ್ 17ರಂದು ಅವರ ವಿಮಾನ ಸೆಬು ದ್ವೀಪದ ಬೆಟ್ಟವೊಂದಕ್ಕೆ ಬಡಿಯಿತು. ಆ ಹುರುಪೂ ಅವರ ಜೊತೆಗೇ ಹೋಯಿತು. ಜಮೀನ್ದಾರರೇ ತುಂಬಿದ್ದ ಸಂಸತ್ತು ಅವರ ಭೂ ಕಾಯ್ದೆಯನ್ನು ಮೊದಲೇ ಸಾಕಷ್ಟು ತೆಳ್ಳಗೆ ಮಾಡಿತ್ತು. ಮ್ಯಾಗ್ಸೆಸೆ ಬಗ್ಗೆ ಓದುವಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅಷ್ಟು ಒಳ್ಳೆಯ ಮನುಷ್ಯ ಕಟ್ಟಿದ್ದು ಬಹುಪಾಲು ಅವರ ಮೇಲೇ ನಿಂತಿತ್ತು.

ಈಗ ಆ ಜಪಾನ್ ಮಾತಿಗೆ ಬರುತ್ತೇನೆ. ಅದು ಅರ್ಧ ನಿಜ. 1960ರ ಹೊತ್ತಿಗೆ ತಲಾ ಆದಾಯದಲ್ಲಿ ಈ ದೇಶ ದಕ್ಷಿಣ ಕೊರಿಯಾ, ಥಾಯ್ಲೆಂಡ್‌ಗಳಿಗಿಂತ ಮುಂದಿತ್ತು. ಮಲಯ, ಸಿಂಗಪುರ, ಹಾಂಗ್‌ಕಾಂಗ್ ಆಗಲೂ ಇದಕ್ಕಿಂತ ಮುಂದಿದ್ದವು. ಏಷ್ಯಾ ಅಭಿವೃದ್ಧಿ ಬ್ಯಾಂಕು 1966ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಮನಿಲಾದಲ್ಲೇ ಮಾಡಿತು. ಇಲ್ಲಿಂದ ಒಂದೆರಡು ಗಂಟೆ ದೂರದ ಲೋಸ್ ಬಾನ್ಯೋಸ್‌ನಲ್ಲಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ, 1960ರಲ್ಲಿ ಶುರುವಾದದ್ದು. ನಮ್ಮ ಕಡೆ ಗದ್ದೆಗಳಲ್ಲಿ ಬೆಳೆದ ಐಆರ್ 8, ಐಆರ್ 64 ತಳಿಗಳು ಹುಟ್ಟಿದ್ದು ಅಲ್ಲೇ. ಅಂದರೆ ಈ ದೇಶಕ್ಕೆ ಆಗ ಹೆಸರಿತ್ತು, ಅದು ಸುಳ್ಳಲ್ಲ. ಆದರೆ ಗಮನಿಸಿ, ಆ ಹೆಸರು ಬಹುಪಾಲು ಬಂದದ್ದು ಮಾರ್ಕೋಸ್‌ಗಿಂತ ಮುಂಚೆ. ನಿಮ್ಮ ಸಹೋದ್ಯೋಗಿ ಹೇಳಿದ್ದು ಮಾರ್ಕೋಸ್ ಕಾಲದ ಬಗ್ಗೆ ಆಗಿದ್ದರೆ ಲೆಕ್ಕ ಉಲ್ಟಾ ಹೊಡೆಯುತ್ತದೆ.

ಹಿರಿಯ ಮಾರ್ಕೋಸ್ 1965ರಲ್ಲಿ ಗೆದ್ದರು, 1969ರಲ್ಲಿ ಮತ್ತೆ ಗೆದ್ದರು, 1972ರ ಸೆಪ್ಟೆಂಬರ್‌ನಲ್ಲಿ ಮಾರ್ಷಲ್ ಲಾ, ಅಂದರೆ ಮಿಲಿಟರಿ ಆಡಳಿತ, ಹೇರಿದರು. ಆತ ಕಟ್ಟಿಸಿದ್ದು ಕಣ್ಣಿಗೆ ಕಾಣುತ್ತದೆ. ನೀವು ಹತ್ತುವ ನಗರ ರೈಲು, ಎಲ್‌ಆರ್‌ಟಿ ಒಂದನೇ ಲೈನು, 1984ರಲ್ಲಿ ಓಡಿತು. ಲೇಯ್ಟೆ, ಸಮಾರ್ ದ್ವೀಪಗಳನ್ನು ಸೇರಿಸುವ ಸಾನ್ ಹ್ವಾನಿಕೊ ಸೇತುವೆ, ಹೃದಯದ ಆಸ್ಪತ್ರೆ, ಕಲಾ ಕೇಂದ್ರ, ಎಲ್ಲ ಆ ಕಾಲದ್ದೇ. ವಯಸ್ಸಾದವರು ಅದನ್ನು ತೋರಿಸಿ ಆ ಕಾಲವೇ ಚೆನ್ನಾಗಿತ್ತು ಅನ್ನುತ್ತಾರೆ. ಅವರನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದಕ್ಕೆ ದುಡ್ಡು ಬಂದದ್ದು ಸಾಲದಿಂದ. ಆತ ಇಳಿಯುವಾಗ ವಿದೇಶಿ ಸಾಲ 2,500 ಕೋಟಿ ಡಾಲರ್ ದಾಟಿತ್ತು. 1984 ಮತ್ತು 1985ರಲ್ಲಿ ಇಡೀ ದೇಶದ ಉತ್ಪತ್ತಿ ವರ್ಷಕ್ಕೆ ಶೇಕಡ 7ರ ಆಸುಪಾಸು ಕುಸಿಯಿತು. 1982ರಲ್ಲಿದ್ದ ತಲಾ ಆದಾಯ ಮತ್ತೆ ಕಾಣಲು ಸುಮಾರು 20 ವರ್ಷ ಹಿಡಿಯಿತು. ಬತಾನ್‌ನಲ್ಲಿ ಕಟ್ಟಿದ ಅಣು ವಿದ್ಯುತ್ ಸ್ಥಾವರ ಒಂದು ದಿನವೂ ಜನರಿಗೆ ಕರೆಂಟು ಕೊಡಲಿಲ್ಲ. ಅದರ ಸಾಲವನ್ನು ಮಾತ್ರ ಜನ 2007ರವರೆಗೆ ತೀರಿಸಿದರು. ಆ ಸಾಲ ತೀರಿಸಿದವರಲ್ಲಿ ಎಷ್ಟೋ ಜನ ಅದನ್ನು ಕಟ್ಟುವಾಗ ಹುಟ್ಟಿಯೇ ಇರಲಿಲ್ಲ.

ಲೂಟಿಯ ವಿಷಯ ಬರೀ ರಾಜಕೀಯದ ಆರೋಪ ಅಂತ ಯಾರಾದರೂ ಹೇಳಿದರೆ ಒಂದು ಮಾತು ನೆನಪಿಡಿ. ಸ್ವಿಸ್ ಬ್ಯಾಂಕುಗಳಲ್ಲಿದ್ದ 65 ಕೋಟಿ ಡಾಲರಿಗೂ ಹೆಚ್ಚು ಹಣ ವಾಪಸ್ ಬಂತು, ಅದು ಅಕ್ರಮವಾಗಿ ಗಳಿಸಿದ್ದು ಅಂತ ಇಲ್ಲಿನ ಸುಪ್ರೀಂ ಕೋರ್ಟೇ 2003ರಲ್ಲಿ ಹೇಳಿತು. ಅದರಲ್ಲಿ 1,000 ಕೋಟಿ ಪೆಸೊವನ್ನು ಮಾರ್ಷಲ್ ಲಾ ಕಾಲದಲ್ಲಿ ಹಿಂಸೆ ಅನುಭವಿಸಿದವರಿಗೆ ಕೊಡಬೇಕು ಅಂತ 2013ರಲ್ಲಿ ಕಾನೂನು ಬಂತು. ಒಂದೊಂದು ಅರ್ಜಿ ಪರಿಶೀಲಿಸಿ 11,103 ಜನರನ್ನು ಸಂತ್ರಸ್ತರು ಅಂತ ಗುರುತಿಸಿದರು. ಕೆಸೋನ್ ಸಿಟಿಯಲ್ಲಿ ಬಂತಯೋಗ್ ಅನ್ನುವ ಸ್ಮಾರಕ ಇದೆ, ಕಪ್ಪು ಕಲ್ಲಿನ ಗೋಡೆಯ ಮೇಲೆ ಹೆಸರುಗಳು. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಈ ಊರಲ್ಲಿ ಬದುಕುವವರು ನೋಡಬೇಕಾದ ಜಾಗ ಅದು.

1986ರ ಕಥೆಯನ್ನು ಎಲ್ಲರೂ ಎಡ್ಸಾ ರಸ್ತೆಯ ಜನಸಾಗರದಿಂದ ಶುರು ಮಾಡುತ್ತಾರೆ. ನನಗೆ ಅದಕ್ಕಿಂತ ಎರಡು ವಾರ ಹಿಂದಿನ ಒಂದು ರಾತ್ರಿ ಮುಖ್ಯ. ಮಾರ್ಕೋಸ್ ಎದುರು ಕೊರಜಾನ್ ಅಕಿನೊ ನಿಂತಿದ್ದ ಚುನಾವಣೆ ಫೆಬ್ರವರಿ 7ಕ್ಕೆ ಆಗಿತ್ತು. ಮತ ಎಣಿಕೆಯ ಕಂಪ್ಯೂಟರುಗಳ ಮುಂದೆ ಕೂತಿದ್ದವರು ಮೂವತ್ತಕ್ಕೂ ಹೆಚ್ಚು ಆಪರೇಟರುಗಳು, ಬಹುತೇಕ ಹೆಂಗಸರು. ತಾವು ತುಂಬುತ್ತಿರುವ ಅಂಕಿಗೂ ಹೊರಗೆ ಬೋರ್ಡಿನಲ್ಲಿ ತೋರಿಸುತ್ತಿರುವ ಅಂಕಿಗೂ ತಾಳೆ ಆಗುತ್ತಿಲ್ಲ ಅಂತ ಅವರಿಗೆ ಗೊತ್ತಾಯಿತು. ಫೆಬ್ರವರಿ 9ರ ರಾತ್ರಿ ಎಲ್ಲರೂ ಎದ್ದು ಹೊರಗೆ ನಡೆದರು. ಆ ಸರ್ಕಾರ ಏನು ಮಾಡಬಲ್ಲದು ಅಂತ ಗೊತ್ತಿದ್ದೂ ನಡೆದರು. ನೀವೂ ನಾನೂ ದಿನವಿಡೀ ಅಂಕಿ ತುಂಬುವವರೇ. ಅದಕ್ಕೇ ಈ ಹೆಂಗಸರ ಬಗ್ಗೆ ನನಗೆ ಅಷ್ಟು ಹೆಮ್ಮೆ. ಆಮೇಲೆ ಫೆಬ್ರವರಿ 22ರಿಂದ 25ರವರೆಗೆ ಲಕ್ಷಾಂತರ ಜನ ಎಡ್ಸಾದಲ್ಲಿ ಟ್ಯಾಂಕುಗಳ ಮುಂದೆ ನಿಂತರು, ಮಾರ್ಕೋಸ್ ಕುಟುಂಬ ಹವಾಯಿಗೆ ಹೋಯಿತು. ಎಣಿಕೆಯ ಮೋಸ ಅಷ್ಟಕ್ಕೇ ನಿಲ್ಲಲಿಲ್ಲ, 2004ರ ಚುನಾವಣೆಯಲ್ಲೂ ದೊಡ್ಡ ಗಲಾಟೆ ಆಯಿತು. ಇಡೀ ದೇಶದಲ್ಲಿ ಯಂತ್ರದ ಮೂಲಕ ಎಣಿಕೆ ಶುರುವಾದದ್ದು 2010ರ ಮೇ ತಿಂಗಳಲ್ಲಿ. ಅದಕ್ಕೆ ಬೇಕಾದ ಕಾನೂನು ರಾಮೋಸ್ ಕಾಲದ್ದು, ಅರೋಯೊ ಕಾಲದಲ್ಲಿ ತಿದ್ದಿದ್ದು. ವಾರಗಟ್ಟಲೆ ಕಾಯುತ್ತಿದ್ದ ಫಲಿತಾಂಶ ಈಗ ಹೆಚ್ಚುಕಮ್ಮಿ ಅದೇ ರಾತ್ರಿ ತಿಳಿಯುತ್ತದೆ.

ಗಟ್ಟಿ ನಾಯಕ ಬೇಕಲ್ವಾ ಅಂತ ಕೇಳಿದಿರಲ್ಲ, ಅದಕ್ಕೆ ಡುಟರ್ಟೆ ಅವರ ಕಾಲವನ್ನೂ ಹೇಳಬೇಕು. 2016ರಲ್ಲಿ ಅವರು ಗೆದ್ದಾಗ ನನ್ನ ಆಫೀಸಿನ ಮುಕ್ಕಾಲು ಜನ ಖುಷಿಪಟ್ಟರು. ಅವರು ಮಾಡಿದ ಒಳ್ಳೆಯ ಕೆಲಸ ಎಣಿಸಬಹುದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ತೆಗೆದುಹಾಕಿದ ಕಾನೂನು 2017ರದ್ದು. ಪಾಸ್‌ಪೋರ್ಟ್ ಅವಧಿ ಹತ್ತು ವರ್ಷಕ್ಕೆ ಏರಿತು, ಎಲ್ಲರಿಗೂ ಆರೋಗ್ಯ ವಿಮೆಯ ಕಾನೂನು 2019ರಲ್ಲಿ ಬಂತು. ಜೊತೆಗೇ ಡ್ರಗ್ಸ್ ವಿರುದ್ಧದ ಕಾರ್ಯಾಚರಣೆ. ಪೊಲೀಸರ ಲೆಕ್ಕದಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು, ಮಾನವ ಹಕ್ಕು ಸಂಘಟನೆಗಳು ಅದಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತವೆ. ಸತ್ತವರು ಹೆಚ್ಚಾಗಿ ಬಡ ಬಡಾವಣೆಗಳವರು. 2017ರಲ್ಲಿ ಕಾಲೂಕಾನ್‌ನಲ್ಲಿ ಹದಿನೇಳು ವರ್ಷದ ಶಾಲಾ ಹುಡುಗನನ್ನು ಪೊಲೀಸರು ಎಳೆದುಕೊಂಡು ಹೋಗುವುದು ಸಿಸಿಟಿವಿಯಲ್ಲಿ ಸಿಕ್ಕಿತು. ಆಮೇಲೆ ಅವನು ಹೆಣವಾಗಿ ಸಿಕ್ಕ. ಮೂವರು ಪೊಲೀಸರಿಗೆ ಮುಂದಿನ ವರ್ಷ ಶಿಕ್ಷೆಯಾಯಿತು. ಕ್ಯಾಮೆರಾ ಇಲ್ಲದ ಓಣಿಗಳಲ್ಲಿ ಸತ್ತ ಬಹುಪಾಲು ಹುಡುಗರಿಗೆ ಆ ನ್ಯಾಯ ಸಿಗಲಿಲ್ಲ. 2025ರ ಮಾರ್ಚ್ 11ರಂದು ಡುಟರ್ಟೆ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲಿ ಬಂಧಿಸಿ ಹೇಗ್‌ನ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟಿಗೆ ಕಳಿಸಿದರು. ಎರಡು ತಿಂಗಳ ನಂತರ, ಅವರು ಅಲ್ಲಿ ಬಂಧನದಲ್ಲಿದ್ದಾಗಲೇ, ದಾವಾವ್ ನಗರದ ಜನ ಅವರನ್ನು ಮತ್ತೆ ಮೇಯರ್ ಆಗಿ ಆರಿಸಿದರು. ಎರಡೂ ನಿಜ, ಎರಡನ್ನೂ ತಿಳಿದಿರಬೇಕು.

ಹಾಗಾಗಿ ನನ್ನ ಉತ್ತರ ನೇರವಾಗಿದೆ: ಬೇಡ. ಈ ದೇಶ ಇಬ್ಬರು ಗಟ್ಟಿ ನಾಯಕರನ್ನು ನೋಡಿದೆ. ಇಬ್ಬರ ಕಾಲದಲ್ಲೂ ಬಾಳಿಕೆ ಬಂದದ್ದು ಸದ್ದಿಲ್ಲದೆ ಆದ ಕಾನೂನುಗಳು. ಭಯದಿಂದ ಮಾಡಿಸಿದ್ದು ಯಾವುದೂ ಉಳಿಯಲಿಲ್ಲ, ಅದರ ಗಾಯ ಮಾತ್ರ ಉಳಿಯಿತು. ನಮ್ಮ ಕಡೆಯಿಂದ ಬಂದವರು ಬಂದ ವಾರದಲ್ಲೇ ಟ್ರಾಫಿಕ್ ನೋಡಿ "ಇವರಿಗೆ ಒಬ್ಬ ಸರ್ವಾಧಿಕಾರಿ ಬೇಕು" ಅಂತ ಹೇಳುವುದನ್ನು ಕೇಳಿದ್ದೇನೆ. ದಯವಿಟ್ಟು ನೀವು ಹಾಗೆ ಹೇಳಬೇಡಿ. ಎದುರಿಗೆ ಕೂತವರ ಅಪ್ಪನನ್ನೋ ಚಿಕ್ಕಪ್ಪನನ್ನೋ ಆ ಕಾಲ ನುಂಗಿರಬಹುದು.

ನಿಮ್ಮ ಕೆಲಸ ಇಲ್ಲಿರುವುದೇ ಒಂದು ಸದ್ದಿಲ್ಲದ ಸುಧಾರಣೆಯಿಂದ. 1992ರಲ್ಲಿ ಫಿಡೆಲ್ ರಾಮೋಸ್ ಬಂದಾಗ ಮನಿಲಾದಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಕರೆಂಟು ಇರುತ್ತಿರಲಿಲ್ಲ. ಫೋನ್ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತು, ಇದ್ದದ್ದು ಹೆಚ್ಚುಕಮ್ಮಿ ಒಂದೇ ಕಂಪನಿ. 1993ರಲ್ಲಿ ಅವರು ಬೇರೆ ಕಂಪನಿಗಳಿಗೂ ದಾರಿ ಬಿಟ್ಟರು, ಒಬ್ಬರ ಲೈನಿನಿಂದ ಇನ್ನೊಬ್ಬರ ಲೈನಿಗೆ ಕರೆ ಹೋಗಲೇಬೇಕು ಅಂತ ಆದೇಶ ಮಾಡಿದರು. 1995ರಲ್ಲಿ ವಿಶೇಷ ಆರ್ಥಿಕ ವಲಯಗಳ ಕಾನೂನು ಬಂತು. ಆ ಫೋನು, ಆ ವಲಯ ಇಲ್ಲದಿದ್ದರೆ ಅರೋಯೊ ಕಾಲದಲ್ಲಿ ಕಾಲ್ ಸೆಂಟರುಗಳು ಸಾಲುಸಾಲಾಗಿ ಬರುತ್ತಿರಲಿಲ್ಲ. ಬೆಂಗಳೂರು ಬೆಳೆದ ಅದೇ ವರ್ಷಗಳಲ್ಲಿ ಮಕಾತಿ, ಓರ್ತಿಗಾಸ್, ಸೆಬು ಬೆಳೆದವು. ಕರೆಂಟಿನ ಕಥೆ ಅಷ್ಟು ಸಿಹಿಯಾಗಿಲ್ಲ. ಕತ್ತಲೆ ಹೋಗಲಾಡಿಸಲು ರಾಮೋಸ್ ಖಾಸಗಿಯವರ ಜೊತೆ ಅವಸರದಲ್ಲಿ ಒಪ್ಪಂದ ಮಾಡಿಕೊಂಡರು. ಕರೆಂಟು ಬಳಸಲಿ ಬಿಡಲಿ ದುಡ್ಡು ಕೊಡಬೇಕು ಅನ್ನುವ ಷರತ್ತು ಅದರಲ್ಲಿತ್ತು. 2001ರಲ್ಲಿ ಅರೋಯೊ ಇಡೀ ವಿದ್ಯುತ್ ವಲಯವನ್ನೇ ಖಾಸಗಿಗೆ ಬಿಟ್ಟರು. ಕರೆಂಟು ಬಂತು, ನಿಜ. ಆದರೆ ಮೊದಲ ತಿಂಗಳ ಬಿಲ್ಲು ನೋಡಿ ನೀವು ಗಾಬರಿಯಾಗುತ್ತೀರಿ. ಎಸಿ ಹಾಕುವ ಮುಂಚೆ ಯೋಚಿಸಿ.

ಸರ್ಕಾರಿ ಕಚೇರಿಗೆ ಹೋಗುವಾಗ ನಿಮಗೆ ಉಪಯೋಗಕ್ಕೆ ಬರುವ ಇನ್ನೊಂದು ಕಾನೂನು ಇದೆ. ಸರಳ ಕೆಲಸ ಮೂರು ದಿನ, ಸ್ವಲ್ಪ ತೊಡಕಿನದು ಏಳು ದಿನ, ತುಂಬ ತಾಂತ್ರಿಕವಾದದ್ದು ಇಪ್ಪತ್ತು ದಿನ. ರಜೆ ಬಿಟ್ಟು ಇಷ್ಟರೊಳಗೆ ಮುಗಿಸಬೇಕು. ಪ್ರತಿ ಕಚೇರಿಯಲ್ಲೂ ಯಾವ ಕೆಲಸಕ್ಕೆ ಯಾವ ಕಾಗದ, ಎಷ್ಟು ಫೀಸು, ಎಷ್ಟು ದಿನ ಅಂತ ಬೋರ್ಡು ಹಾಕಿರಬೇಕು. ಅರೋಯೊ ಕಾಲದಲ್ಲಿ, 2007ರಲ್ಲಿ, ಶುರುವಾದ ಕಾನೂನಿದು. ಡುಟರ್ಟೆ ಕಾಲದಲ್ಲಿ, 2018ರಲ್ಲಿ, ಅದಕ್ಕೆ ಹಲ್ಲು ಬಂತು. ನನ್ನ ಒಂದು ಪರ್ಮಿಟ್ ಒಂದು ಕಚೇರಿಯಲ್ಲಿ ಸುಮ್ನೆ ಕೂತಿದ್ದಾಗ ಆ ಬೋರ್ಡಿನ ಫೋಟೊ ತೆಗೆದು ಕೌಂಟರಿನಲ್ಲಿ ಮೆಲ್ಲಗೆ ತೋರಿಸಿದೆ. ಕೆಲಸ ಆಯಿತು. ಜೋರು ಮಾಡಬೇಡಿ, ಇಲ್ಲಿ ದನಿ ಏರಿಸಿದವರನ್ನು ಯಾರೂ ಇಷ್ಟಪಡುವುದಿಲ್ಲ. ನಗುಮುಖದಿಂದ "ಸರ್", "ಮಾಮ್" ಅಂತ ಕರೆದು ಬೋರ್ಡು ತೋರಿಸಿ.

ಕಾನೂನು ಒಂದಿದ್ದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ಇಲ್ಲಿ ದೊಡ್ಡವರ ಕಾರುಗಳು ಸೈರನ್ ಹಾಕಿಕೊಂಡು ರಸ್ತೆ ಬಿಡಿಸಿಕೊಳ್ಳುವುದಕ್ಕೆ ವಾಂಗ್‌ವಾಂಗ್ ಅನ್ನುತ್ತಾರೆ. ಅದನ್ನು ನಿಷೇಧಿಸುವ ಆದೇಶ 1973ರಿಂದಲೇ ಇದೆ, ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. 2010ರಲ್ಲಿ ಕೊರಜಾನ್ ಮಗ ಬೆನಿಗ್ನೊ ಅಕಿನೊ ಪ್ರಮಾಣ ವಚನದ ದಿನವೇ ಇನ್ನು ವಾಂಗ್‌ವಾಂಗ್ ಇಲ್ಲ ಅಂದರು. ತಾವೇ ಕೆಂಪು ದೀಪಕ್ಕೆ ಕಾರು ನಿಲ್ಲಿಸಿ ಕಾದರು. ಎಡ್ಸಾದಲ್ಲಿ ಎಲ್ಲರ ಹಾಗೆ ಅಧ್ಯಕ್ಷರೂ ಕಾಯುತ್ತಾರೆ ಅನ್ನುವುದು ನನ್ನ ಸಹೋದ್ಯೋಗಿಗಳಿಗೆ ಎಷ್ಟು ದೊಡ್ಡ ವಿಷಯವಾಗಿತ್ತು ಅಂತ ನಾನೇ ಕಂಡಿದ್ದೇನೆ. 2024ರ ಮಾರ್ಚ್‌ನಲ್ಲಿ ಈಗಿನ ಅಧ್ಯಕ್ಷರು ಅಧಿಕಾರಿಗಳಿಗೆ ಸೈರನ್ ಬೇಡ ಅಂತ ಮತ್ತೆ ಆದೇಶ ಹೊರಡಿಸಬೇಕಾಯಿತು. ಅದೇ ಬೆನಿಗ್ನೊ ಅಕಿನೊ 2012ರಲ್ಲಿ ಸಿಗರೇಟು, ಮದ್ಯದ ತೆರಿಗೆ ಏರಿಸಿ ಹೆಚ್ಚುವರಿ ಹಣದ ಬಹುಪಾಲನ್ನು ಬಡವರ ಆರೋಗ್ಯ ವಿಮೆಗೆ ಕಟ್ಟಿಹಾಕಿದರು. ತಂಬಾಕು ಕಂಪನಿಗಳ ಒತ್ತಡ ಎಷ್ಟಿತ್ತೆಂದರೆ ಸೆನೆಟ್‌ನಲ್ಲಿ ಒಂದೇ ಮತದಿಂದ ಪಾಸಾಯಿತು. ಡುಟರ್ಟೆ ಬಂದ ಮೇಲೂ ಆ ತೆರಿಗೆ ಇಳಿಯಲಿಲ್ಲ, ಇನ್ನೂ ಏರಿತು. ಸೈರನ್ ವಿಷಯ ಒಬ್ಬ ಮನುಷ್ಯನ ನಡತೆಯ ಮೇಲೆ ನಿಂತಿತ್ತು, ತೆರಿಗೆಯ ಹಣ ಬಜೆಟ್ಟಿನ ಲೆಕ್ಕದೊಳಗೆ ಸೇರಿಹೋಯಿತು.

ಇನ್ನು ಯಾರ ಕೈಯಲ್ಲೂ ಆಗದೆ ಉಳಿದ ಕೆಲಸಗಳು. ಮೊದಲನೆಯದು ಜಮೀನು. ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ 1974ರ ಕಾಯ್ದೆ ಬಂದು ಗೇಣಿ ಮಾಡುತ್ತಿದ್ದ ಎಷ್ಟೋ ಮನೆಗಳು ಹೊಲದೊಡೆಯರಾದವು, ನಿಮ್ಮ ಮನೆಯಲ್ಲೂ ಆ ಕಥೆ ಇರಬಹುದು. ಇಲ್ಲಿ ಕೊರಜಾನ್ ಅಕಿನೊ 1988ರಲ್ಲಿ ಭೂ ಸುಧಾರಣೆ ಕಾನೂನು ತಂದರು. ಆದರೆ ಭೂಮಿಯ ಬದಲು ರೈತರಿಗೆ ಕಂಪನಿಯ ಷೇರು ಕೊಟ್ಟರೂ ನಡೆಯುತ್ತದೆ ಅಂತ ಅದರಲ್ಲಿ ಒಂದು ಕಿಂಡಿ ಇತ್ತು. ಆಕೆಯ ತವರಿನವರ ಕಬ್ಬಿನ ತೋಟ ಹಸಿಯೆಂಡಾ ಲುಯಿಸಿತಾ ಆ ಕಿಂಡಿಯಲ್ಲೇ ನುಸುಳಿತು. 2004ರಲ್ಲಿ ಅಲ್ಲಿ ಮುಷ್ಕರ ಮಾಡುತ್ತಿದ್ದವರ ಮೇಲೆ ಗುಂಡು ಹಾರಿ ಏಳು ಜನ ಸತ್ತರು. ಭೂಮಿ ಹಂಚಿ ಅಂತ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದದ್ದು 2012ರಲ್ಲಿ, ಆಕೆಯ ಮಗನೇ ಅಧ್ಯಕ್ಷರಾಗಿದ್ದಾಗ. ಕೊರಜಾನ್ ಬಗ್ಗೆ ನನಗೆ ಅಪಾರ ಗೌರವ. ಆದರೆ ಇದು ಅವರ ಹೆಸರಿನ ಮೇಲಿನ ಕಪ್ಪು.

ಎರಡನೆಯದು ಮನೆತನದ ರಾಜಕೀಯ. 1987ರ ಸಂವಿಧಾನದಲ್ಲಿ ರಾಜಕೀಯ ವಂಶಾಡಳಿತವನ್ನು ನಿಷೇಧಿಸಬೇಕು ಅಂತ ಬರೆದಿದೆ, ಕಾನೂನು ಹೇಳುವ ಅರ್ಥದಂತೆ ಅನ್ನುವ ಮಾತನ್ನೂ ಸೇರಿಸಿದ್ದಾರೆ. ಆ ಕಾನೂನು ಮಾಡಬೇಕಾದವರು ಯಾರು? ಅದೇ ಮನೆತನಗಳ ಸಂಸದರು. ಮೂರೂವರೆ ದಶಕ ಕಳೆದರೂ ಮಾಡಲಿಲ್ಲ. 2016ರಲ್ಲಿ ಯುವಕರ ಗ್ರಾಮ ಮಂಡಳಿಗಳಿಗೆ ಮಾತ್ರ ಅಂಥ ನಿಯಮ ಬಂತು. 2022ರಲ್ಲಿ ಒಬ್ಬ ಮಾಜಿ ಅಧ್ಯಕ್ಷರ ಮಗ ಅಧ್ಯಕ್ಷರಾಗಿ, ಆಗ ಕೆಳಗಿಳಿಯುತ್ತಿದ್ದ ಅಧ್ಯಕ್ಷರ ಮಗಳು ಉಪಾಧ್ಯಕ್ಷೆಯಾಗಿ ಗೆದ್ದರು. ಮಗ ಮಾರ್ಕೋಸ್‌ಗೆ 3.1 ಕೋಟಿಗೂ ಹೆಚ್ಚು ಮತ ಬಿತ್ತು. ಎರಡು ವರ್ಷದಲ್ಲಿ ಎರಡೂ ಮನೆಗಳು ಬದ್ಧ ವೈರಿಗಳಾದವು. ನಿಮ್ಮ ಟೀಮಿನ ಜಗಳ ಅದರದ್ದೇ ಮುಂದುವರಿಕೆ.

2025ರ ಆಗಸ್ಟ್‌ನಲ್ಲಿ ಮಾರ್ಕೋಸ್ ದೆಹಲಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೂ ಬಂದು ಕಂಪನಿಗಳವರನ್ನು ಭೇಟಿ ಮಾಡಿದ್ದನ್ನು ಪೇಪರಿನಲ್ಲಿ ನೋಡಿರಬಹುದು. ಅದಕ್ಕೆ ಸ್ವಲ್ಪ ಮುಂಚೆ, ಜುಲೈ 28ರ ಭಾಷಣದಲ್ಲಿ, ಪ್ರವಾಹ ತಡೆಯುವ ಕಾಮಗಾರಿಗಳಲ್ಲಿ ದುಡ್ಡು ತಿಂದವರಿಗೆ "ನಾಚಿಕೆಯಾಗಬೇಕು" ಅಂತ ಅವರು ಹೇಳಿದ್ದರು. ಆಮೇಲೆ ಅವರೇ ಲೆಕ್ಕ ಬಿಚ್ಚಿಟ್ಟರು. 2022ರ ಜುಲೈಯಿಂದ ಈ ಕಾಮಗಾರಿಗಳಿಗೆ ಸುಮಾರು 54,500 ಕೋಟಿ ಪೆಸೊ. ಅದರಲ್ಲಿ 10,000 ಕೋಟಿ ಹೋದದ್ದು ಬರೀ 15 ಗುತ್ತಿಗೆದಾರರಿಗೆ. ಬುಲಕಾನ್ ಪ್ರಾಂತ್ಯದಲ್ಲಿ ಕಾಗದದ ಮೇಲೆ ಮುಗಿದ ತಡೆಗೋಡೆ ಸ್ಥಳಕ್ಕೆ ಹೋಗಿ ನೋಡಿದರೆ ಇರಲೇ ಇಲ್ಲ. ಜನ ಮೊಣಕಾಲುದ್ದ ನೀರಿನಲ್ಲಿ ಆಫೀಸಿಗೆ ಹೋಗುವಾಗ ಇದನ್ನು ಓದಿದರು. ಸೆಪ್ಟೆಂಬರ್ 21ರಂದು, ಮಾರ್ಷಲ್ ಲಾ ಘೋಷಣೆಯ ದಿನವನ್ನೇ ಆರಿಸಿಕೊಂಡು, ಲುನೆತಾ ಮೈದಾನದಲ್ಲೂ ಎಡ್ಸಾದಲ್ಲೂ ಸಾವಿರಾರು ಜನ ಸೇರಿದರು. ವಿದ್ಯಾರ್ಥಿಗಳು, ನರ್ಸುಗಳು, ಪಾದ್ರಿಗಳು, ಸನ್ಯಾಸಿನಿಯರು. ಈ ದೇಶದ ಮೇಲೆ ನನ್ನ ನಂಬಿಕೆ ಇರುವುದು ಆ ಜನರಿಂದ.

ಆದರೆ ನೀವು ಅಂಥ ಮೆರವಣಿಗೆಗೆ ಹೋಗಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ವಿದೇಶಿಯರು ರಾಜಕೀಯ ಪ್ರತಿಭಟನೆಯಲ್ಲಿ ಸೇರಿದರೆ ವಲಸೆ ಇಲಾಖೆ ಗಡೀಪಾರು ಮಾಡಬಹುದು. ಎಷ್ಟೋ ವರ್ಷ ಇಲ್ಲಿ ರೈತರ ಜೊತೆ ಕೆಲಸ ಮಾಡಿದ ಆಸ್ಟ್ರೇಲಿಯಾದ ವಯಸ್ಸಾದ ಸನ್ಯಾಸಿನಿಯೊಬ್ಬರು 2018ರಲ್ಲಿ ಹಾಗೇ ದೇಶ ಬಿಡಬೇಕಾಯಿತು. ಆಫೀಸಿನಲ್ಲೂ ಯಾರಿಗೂ ದಿಲಾವನ್ (ಅಕಿನೊ ಪರ), ಡಿಡಿಎಸ್ (ಡುಟರ್ಟೆ ಪರ), ಲೋಯಲಿಸ್ಟ್ (ಮಾರ್ಕೋಸ್ ಪರ) ಅಂತ ಹಣೆಪಟ್ಟಿ ಹಚ್ಚಬೇಡಿ. ಅವು ಇಲ್ಲಿನ ಬೈಗುಳಗಳು. ಅವರ ಊರು ಯಾವುದು, ಮನೆಯಲ್ಲಿ ಯಾರು ಹೊರದೇಶದಲ್ಲಿದ್ದಾರೆ ಅಂತ ಕೇಳಿ. ಹೆಚ್ಚಿನವರ ಮನೆಯಲ್ಲಿ ಒಬ್ಬರಾದರೂ ದುಬೈಯಲ್ಲೋ ಹಾಂಗ್‌ಕಾಂಗ್‌ನಲ್ಲೋ ಹಡಗಿನಲ್ಲೋ ಇರುತ್ತಾರೆ. ಇವರೆಲ್ಲ 2024ರಲ್ಲಿ ಊರಿಗೆ ಕಳಿಸಿದ ಹಣ 3,400 ಕೋಟಿ ಡಾಲರಿಗೂ ಹೆಚ್ಚು. ಅಧ್ಯಕ್ಷರು ಯಾರೇ ಇರಲಿ, ಈ ದೇಶದ ಅಂಗಡಿ, ಶಾಲೆ, ಮನೆ ಸಾಲ ನಡೆಯುವುದು ಆ ಹಣದಿಂದ. ಹೆತ್ತ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬೇರೆಯವರ ಮಕ್ಕಳನ್ನು ಸಾಕಲು ಹೋದ ತಾಯಂದಿರ ದುಡ್ಡು ಅದು. ದೇಶ ಯಾಕೆ ಹಿಂದೆ ಬಿತ್ತು ಅಂತ ಚರ್ಚೆ ಮಾಡುವಾಗ ಇದನ್ನು ಮರೆಯಬೇಡಿ.

ಸಂಸಾರ ಕರೆತನ್ನಿ. ಅವಸರ ಮಾಡದೆ, ನಿಮ್ಮ ಕೆಲಸದ ಪರ್ಮಿಟ್, 9ಜಿ ಅನ್ನುವ ಕೆಲಸದ ವೀಸಾ, ವಿದೇಶಿಯರ ಗುರುತಿನ ಎಸಿಆರ್ ಕಾರ್ಡು ಕೈಗೆ ಬಂದ ಮೇಲೆ ತನ್ನಿ. ಪ್ರತಿ ವರ್ಷದ ಮೊದಲ 60 ದಿನದೊಳಗೆ ವಲಸೆ ಇಲಾಖೆಗೆ ಹಾಜರಿ ಹಾಕಬೇಕು, ತಪ್ಪಿಸಬೇಡಿ. ಹೆಂಡತಿ ಕೆಲಸ ಮಾಡುವುದಾದರೆ ನಿಮ್ಮ ಅವಲಂಬಿತರ ವೀಸಾ ಸಾಲದು, ಅವರಿಗೆ ಬೇರೆ ಪರ್ಮಿಟ್ ಬೇಕು. ಮಗಳ ಶಾಲೆಗೆ ಚಿಂತೆ ಬೇಡ. 2012ರಿಂದ ಕಿಂಡರ್‌ಗಾರ್ಟನ್ ಕಡ್ಡಾಯ, 2013ರಿಂದ ಹನ್ನೆರಡನೇ ತರಗತಿವರೆಗೆ ಓದು. ಅದಕ್ಕೆ ಮುಂಚೆ ಹತ್ತೇ ವರ್ಷದ ಶಾಲೆ ಇದ್ದದ್ದರಿಂದ ಇಲ್ಲಿ ಓದಿದವರಿಗೆ ಹೊರಗೆ ತೊಂದರೆಯಾಗುತ್ತಿತ್ತು.

ಮನೆ ನೋಡುವಾಗ ಮಾತ್ರ ಒಂದು ಕೆಲಸ ತಪ್ಪದೆ ಮಾಡಿ. 2012ರಲ್ಲಿ ಅಕಿನೊ ಸರ್ಕಾರ ನೋವಾ ಅನ್ನುವ ಯೋಜನೆ ಶುರು ಮಾಡಿತು. ಯಾವ ಬೀದಿಯಲ್ಲಿ ಎಷ್ಟು ಮಳೆಗೆ ಎಷ್ಟು ನೀರು ನಿಲ್ಲುತ್ತದೆ ಅಂತ ದೇಶಕ್ಕೆಲ್ಲ ನಕ್ಷೆ ಮಾಡುವ ಕೆಲಸ. 2017ರಲ್ಲಿ ಮುಂದಿನ ಸರ್ಕಾರ ಹಣ ನಿಲ್ಲಿಸಿತು. ಆ ವಿಜ್ಞಾನಿಗಳನ್ನೂ ನಕ್ಷೆಗಳನ್ನೂ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯ ತನ್ನ ತೆಕ್ಕೆಗೆ ತಗೊಂಡಿತು, ಹಾಗಾಗಿ ಅದು ಇವತ್ತೂ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಬ್ರೋಕರ್ "ಇಲ್ಲಿ ನೀರು ಬರಲ್ಲ" ಅಂತ ಹೇಳೇ ಹೇಳುತ್ತಾನೆ. ನೀವು ನೋವಾದಲ್ಲಿ ಆ ವಿಳಾಸ ಹಾಕಿ, ನೂರು ವರ್ಷಕ್ಕೊಮ್ಮೆ ಬರುವ ಮಳೆಯ ನಕ್ಷೆ ನೋಡಿ. ಕೆಂಪು ಬಣ್ಣ ಇದ್ದರೆ ಅಡ್ವಾನ್ಸ್ ಕೊಡಬೇಡಿ, ಮಹಡಿ ಮನೆಯಾದರೂ ಸರಿ. ಎರಡು ಮೂರು ವಿಳಾಸ ಆರಿಸಿದ ಮೇಲೆ ನನಗೂ ಕಳಿಸಿ, ಆ ಬೀದಿಗಳಲ್ಲಿ ಮಳೆಗಾಲ ಕಳೆದವರನ್ನು ಕೇಳಿ ಹೇಳುತ್ತೇನೆ.